ಮನೆ ರಿಪೇರಿಗೆ ಮೇಸ್ತ್ರಿ ಹುಡುಕೋದು ಹೇಗೆ: ನಾನು ದುಡ್ಡು ಕೊಟ್ಟು ಕಲಿತ ಪಾಠ

1/9

ಕಳೆದ ಫೆಬ್ರವರಿಯಲ್ಲಿ ನಾನು ದಿನಾ ಬೆಳಗ್ಗೆ ಏಳೂವರೆಗೇ ಕಾಲೇಜಿಗೆ ಬಂದು ಕೂರ್ತಿದ್ದೆ. "ಏನಮ್ಮಾ, ಈ ಸಲ ರ‍್ಯಾಂಕ್ ನಿಂದೇನಾ?" ಅಂತ ಕಾಲೆಳೆದವರೆಲ್ಲ ಇದನ್ನ ಪೂರ್ತಿ ಓದಿ. ನಾನು ಓದೋಕೆ ಬರ್ತಿರ್ಲಿಲ್ಲ. ನಮ್ಮನೇಲಿ ಆಗ ಟಾಯ್ಲೆಟ್ ಇರ್ಲಿಲ್ಲ.

ಮೊದಲನೇ ಫೋಟೋ ನೋಡಿ. ಅದು ಅಜ್ಜಿ ರೂಮಿನ ಸೀಲಿಂಗ್. ಗಾರೆ ಉದುರಿ ಒಳಗಿನ ಕಂಬಿ ತುಕ್ಕು ಹಿಡಿದಿರೋದು ಕಾಣ್ತಿದೆ. ಎರಡನೇ ಫೋಟೋ ನಮ್ಮ ಬಾತ್‌ರೂಮ್, ಅಂದ್ರೆ ಬಾತ್‌ರೂಮ್ ಇದ್ದ ಜಾಗ. ಗೋಡೆ ಒಡೆದು, ಪೈಪ್ ಕಿತ್ತು, ಮೂಲೇಲಿ ಕಲ್ಲುಮಣ್ಣು ರಾಶಿ ಹಾಕಿ, ಕೆಲಸ ಮಾಡೋರು ಕಾಣೆಯಾದ ಮೇಲೆ ತೆಗೆದ ಫೋಟೋ ಅದು.

ಆ ಕಾಂಟ್ರ್ಯಾಕ್ಟರ್‌ನ ಹುಡುಕಿ ತಂದಿದ್ದು ಅಪ್ಪ ಅಲ್ಲ, ನಾನು. ಇದೇ ಆ್ಯಪ್‌ನಲ್ಲಿ, ರೀಲ್ಸ್ ನೋಡಿ. ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ, ನಾಚಿಕೆ ಆಗ್ತಿತ್ತು. ಆದ್ರೆ ನಮ್ಮ ವಯಸ್ಸಿನವರ ಮನೆಗಳಲ್ಲಿ "ಮೊಬೈಲಲ್ಲಿ ನೋಡಿ ಹೇಳು ಮಗಾ, ಯಾರು ಚೆನ್ನಾಗಿದ್ದಾರೆ" ಅಂತ ಕೇಳೋದು ನಮ್ಮನ್ನೇ. ಅದಕ್ಕೇ ಬರೀತಿದ್ದೀನಿ. ಒಂಬತ್ತು ಪೋಸ್ಟ್ ಇದೆ. ಮನೆ ರಿಪೇರಿ ಮಾತು ಯಾರ ಮನೇಲಿ ನಡೀತಿದೆಯೋ ಅವರು ಸೇವ್ ಮಾಡ್ಕೊಳ್ಳಿ.

2/9

ಮೊದಲು ದುಡ್ಡಿನ ಲೆಕ್ಕ. ಬಿಕಾಂ ಓದೋರಲ್ವಾ, ಅಲ್ಲಿಂದಲೇ ಶುರು ಮಾಡೋಣ.

ನಮ್ಮದು ಹಾಸನದಲ್ಲಿ 1996ರಲ್ಲಿ ತಾತ ಕಟ್ಟಿಸಿದ ಎಂಟು ಚದರದ ಮನೆ. ನಮ್ಮೂರಿನ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಜಿಟಿಜಿಟಿ ಅಂತ ವಾರಗಟ್ಟಲೆ ಬಿಡಲ್ಲ. ಮೂರು ವರ್ಷದಿಂದ ಅಜ್ಜಿ ರೂಮ್ ಸೋರ್ತಿತ್ತು. ಅಜ್ಜಿಗೆ 74 ವರ್ಷ, ಮಂಡಿ ನೋವು, ಇಂಡಿಯನ್ ಟಾಯ್ಲೆಟ್‌ನಲ್ಲಿ ಕೂತ್ರೆ ಏಳೋಕಾಗಲ್ಲ. ಅಮ್ಮನಿಗೆ ಇಪ್ಪತ್ತು ವರ್ಷದಿಂದ ಒಂದೇ ಆಸೆ, ಅಡುಗೆಮನೆಗೆ ಬಾಗಿಲಿರೋ ಕಪಾಟು. ಹಂಗಾಗಿ ಮೂರು ಕೆಲಸ: ತಾರಸಿ, ಬಾತ್‌ರೂಮ್, ಅಡುಗೆಮನೆ.

ಅಪ್ಪನದು ಸಣ್ಣ ದಿನಸಿ ಅಂಗಡಿ. ಡಿಸೆಂಬರ್‌ನಲ್ಲಿ ಚೀಟಿ ಎತ್ತಿದ್ದು 2,00,000. ಅಮ್ಮನ ಬಳೆ ಅಡ ಇಟ್ಟು ತಂದಿದ್ದು 1,50,000. ಕೈಯಲ್ಲಿದ್ದ ಉಳಿತಾಯ 1,00,000. ಒಟ್ಟು 4,50,000. ಇದರಾಚೆ ಒಂದು ರೂಪಾಯಿ ಇರ್ಲಿಲ್ಲ.

ಇಬ್ಬರು ಬಂದು ನೋಡಿದ್ರು. ಒಬ್ಬರು ಅಪ್ಪನ ಅಂಗಡಿಗೆ ಬರೋ ಹಳೇ ಮೇಸ್ತ್ರಿ. ಒಂದೂವರೆ ಗಂಟೆ ತಾರಸಿ ಮೇಲೇ ಇದ್ರು. ಒಂದು ಬಕೆಟ್ ನೀರು ಸುರಿದು ಅದು ಯಾವ ಕಡೆ ಹರಿಯುತ್ತೆ ಅಂತ ನೋಡಿದ್ರು, ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟು ಕೇಳಿದ್ರು, ಮಳೆನೀರು ಹೋಗೋ ಪೈಪಿಗೆ ಕೈ ಹಾಕಿ ಎಲೆ ತೆಗೆದ್ರು. ನನಗೆ ಕ್ಲಾಸಿಗೆ ಲೇಟ್ ಆಗಿ ಸಿಟ್ಟು ಬಂದಿತ್ತು. ಎರಡು ದಿನ ಬಿಟ್ಟು ನೋಟ್‌ಬುಕ್ ಹಾಳೇಲಿ ಬರ್ಕೊಂಡು ಬಂದ್ರು: 4,30,000.

ಇನ್ನೊಬ್ಬರು ನಾನು ಹುಡುಕಿದ ಕಾಂಟ್ರ್ಯಾಕ್ಟರ್. ಹತ್ತು ನಿಮಿಷದಲ್ಲಿ ಮನೆಯೆಲ್ಲ ವಿಡಿಯೋ ಮಾಡ್ಕೊಂಡು, ಸಂಜೆಗೇ ವಾಟ್ಸ್ಆ್ಯಪ್‌ನಲ್ಲಿ ರೇಟ್ ಕಳಿಸಿದ್ರು: "3,40,000. ಫುಲ್ ಪ್ಯಾಕೇಜ್."

3/9

90,000 ವ್ಯತ್ಯಾಸ. ಎಕ್ಸೆಲ್‌ನಲ್ಲಿ ಎರಡು ಕಾಲಂ ಮಾಡಿ ಅಪ್ಪನಿಗೆ ತೋರಿಸಿದೆ. "ಮೇಸ್ತ್ರಿ ನಮಗೆ ಗೊತ್ತಿರೋರು ಕಣಮ್ಮ" ಅಂದ್ರು ಅಪ್ಪ. "ಗೊತ್ತಿರೋರು ಅಂತ 90,000 ಜಾಸ್ತಿ ಕೊಡ್ತೀರಾ?" ಅಂದೆ. ಅಪ್ಪ ಸುಮ್ಮನಾದ್ರು. ಆ ವಾದದಲ್ಲಿ ನಾನು ಗೆದ್ದೆ.

ಆದ್ರೆ ಆ ಎರಡು ಕಾಲಂನಲ್ಲಿ ನಾನು ಹೋಲಿಸಿದ್ದು ಏನನ್ನ? ಮೇಸ್ತ್ರಿ ಹಾಳೇಲಿ 23 ಸಾಲು ಇತ್ತು. ತುಕ್ಕು ಹಿಡಿದ ಕಂಬಿ ಕ್ಲೀನ್ ಮಾಡೋದು ಬೇರೆ, ಗಾರೆ ಬೇರೆ, ಟೈಲ್ಸ್ ಎಷ್ಟು ಚದರಡಿ, ಪೈಪ್ ಯಾವ ತರದ್ದು, ಕಲ್ಲುಮಣ್ಣು ಸಾಗಿಸೋ ಟ್ರ್ಯಾಕ್ಟರ್ ಬಾಡಿಗೆ ಕೂಡ. ಇನ್ನೊಂದು ಕಡೆ ಇದ್ದಿದ್ದು ಎರಡೇ ಪದ. ಫುಲ್ ಪ್ಯಾಕೇಜ್.

ನಮ್ಮ ಬಿಸಿನೆಸ್ ಲಾ ಪೇಪರ್ ನೆನಪಿದ್ಯಾ? 1872ರ ಭಾರತೀಯ ಕಾಂಟ್ರ್ಯಾಕ್ಟ್ ಆ್ಯಕ್ಟ್, ಸೆಕ್ಷನ್ 29. ಅರ್ಥ ಖಚಿತವಾಗಿಲ್ಲದ, ಖಚಿತ ಮಾಡೋಕೂ ಆಗದ ಒಪ್ಪಂದ ಅನೂರ್ಜಿತ. ಉದಾಹರಣೆ: ಒಬ್ಬ ನೂರು ಟನ್ ಎಣ್ಣೆ ಮಾರ್ತೀನಿ ಅಂತಾನೆ, ಯಾವ ಎಣ್ಣೆ ಅಂತ ಹೇಳೇ ಇಲ್ಲ. ಇದನ್ನ ಎಕ್ಸಾಮ್‌ನಲ್ಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು. ನಮ್ಮ ಒಪ್ಪಂದ ಕಾನೂನಿನಲ್ಲಿ ನಿಲ್ಲುತ್ತೋ ಇಲ್ವೋ ಅನ್ನೋದನ್ನ ವಕೀಲರು ಹೇಳಬೇಕು. ಆದ್ರೆ "ಫುಲ್ ಪ್ಯಾಕೇಜ್" ಅನ್ನೋದು ಯಾವ ಎಣ್ಣೆ ಅಂತ ಕೇಳಬೇಕು ಅನ್ನೋದು ನನಗೆ ಹೊಳೀಲಿಲ್ಲ.

ಜನವರಿ ಕೊನೇಲಿ ಅರ್ಧ ದುಡ್ಡು ಅಡ್ವಾನ್ಸ್, 1,70,000. ಪುಣ್ಯಕ್ಕೆ ಅಪ್ಪ ಬ್ಯಾಂಕ್ ಮೂಲಕವೇ ಹಾಕಿದ್ರು. ರಸೀದಿ ಇಲ್ಲ, ಕರಾರು ಇಲ್ಲ, ಮುಗಿಸೋ ತಾರೀಖಿಲ್ಲ. "ನಂಬಿಕೆ ಮೇಲೆ ಕೆಲಸ ಮಾಡೋರು ಸಾರ್ ನಾವು" ಅಂದಿದ್ರು.

4/9

ಒಡೆಯೋ ಕೆಲಸ ಎರಡೇ ದಿನದಲ್ಲಿ ಮುಗೀತು. ಬಾತ್‌ರೂಮ್, ಅಡುಗೆಮನೆ ಕಟ್ಟೆ, ಅಜ್ಜಿ ರೂಮಿನ ಸೀಲಿಂಗ್, ಎಲ್ಲ ಒಟ್ಟಿಗೇ. ನಾನು ಸ್ಟೋರಿ ಹಾಕಿದ್ದೆ, "ಹೊಸ ಮನೆ ಲೋಡಿಂಗ್" ಅಂತ. ನಿಮ್ಮಲ್ಲಿ ಎಷ್ಟೋ ಜನ ಬೆಂಕಿ ಎಮೋಜಿ ಕಳಿಸಿದ್ರಿ.

ಆಮೇಲೆ ಹನ್ನೊಂದು ದಿನ ಯಾರೂ ಬರಲಿಲ್ಲ. ಮೊದಲು "ಹುಡುಗರು ಊರಿಗೆ ಹೋಗಿದ್ದಾರೆ". ಆಮೇಲೆ "ಟೈಲ್ಸ್ ಲೋಡ್ ಬರಬೇಕು". ಹನ್ನೆರಡನೇ ದಿನ ಒಂದು ಮೆಸೇಜ್: ಮೆಟೀರಿಯಲ್ ರೇಟ್ ಏರಿದೆ, ಜಿಎಸ್‌ಟಿ ಬೇರೆ, ಇನ್ನೂ 80,000 ಹಾಕಿದ್ರೆ ನಾಳೆಯೇ ಶುರು. ಅಪ್ಪ ಹಾಕಲಿಲ್ಲ. ಫೆಬ್ರವರಿ ಕೊನೆ ಹೊತ್ತಿಗೆ ಫೋನ್ ಸ್ವಿಚ್ ಆಫ್.

ಅಷ್ಟೂ ದಿನ ಸ್ನಾನ, ಟಾಯ್ಲೆಟ್ ಎಲ್ಲ ಪಕ್ಕದ ಮನೆಯವರದು. ಅವರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಆದ್ರೆ ನಮಗೇ ಹಿಂಸೆ. ನಾನು ಕಾಲೇಜಿಗೆ ಓಡಿ ಬರ್ತಿದ್ದೆ. ಅಜ್ಜಿ ಎಲ್ಲಿಗೆ ಹೋಗ್ಬೇಕು? ರಾತ್ರಿ ಅವರ ಬಾಗಿಲು ತಟ್ಟೋಕೆ ಸಂಕೋಚ ಆಗಿ, ಸಂಜೆ ಐದರ ಮೇಲೆ ನೀರು ಕುಡಿಯೋದನ್ನೇ ಬಿಟ್ಟಿದ್ಲು. ಯಾರಿಗೂ ಹೇಳಿರ್ಲಿಲ್ಲ. ಉರಿಮೂತ್ರ ಆಗಿ, ಜ್ವರ ಬಂದು, ಡಾಕ್ಟರ್ "ನೀರು ಎಷ್ಟು ಕುಡೀತೀರಾ ಅಜ್ಜಿ" ಅಂತ ಕೇಳಿದಾಗಲೇ ನಮಗೆ ಗೊತ್ತಾಗಿದ್ದು.

ಆಸ್ಪತ್ರೆಯಿಂದ ಬರೋವಾಗ ಆಟೋದಲ್ಲಿ ಯಾರೂ ಮಾತಾಡಲಿಲ್ಲ. ನನ್ನನ್ನ ಯಾರೂ ಬೈಯಲೂ ಇಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

5/9

ಮಾರ್ಚ್ ಮೊದಲ ವಾರ. ಉಳಿದಿದ್ದು 2,80,000. ಈ ಸಲ ತಪ್ಪು ಮಾಡೋಕೆ ದುಡ್ಡೂ ಇರ್ಲಿಲ್ಲ.

ಹಳೇ ಮೇಸ್ತ್ರಿಗೆ ಫೋನ್ ಮಾಡೋಕೆ ಅಪ್ಪನಿಗೆ ಮುಖ ಇರ್ಲಿಲ್ಲ. ನಾನೇ ಅವರ ಕೆಲಸ ನಡೀತಿದ್ದ ಜಾಗ ಹುಡುಕ್ಕೊಂಡು ಹೋದೆ. ನಡೆದಿದ್ದನ್ನೆಲ್ಲ ಕೇಳಿ "ನಾನು ಅವತ್ತೇ ಹೇಳ್ಲಿಲ್ವಾ" ಅನ್ನಲಿಲ್ಲ. ಕೈ ಒರೆಸಿಕೊಂಡು "ಅಜ್ಜಿ ಎಲ್ಲಿ ಮಲಗ್ತಾರೆ ಈಗ? ಆ ರೂಮಲ್ಲಿ ಮಲಗಿಸಬ್ಯಾಡಿ, ಗಾರೆ ಇನ್ನೂ ಉದುರುತ್ತೆ" ಅಂದ್ರು.

ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು. ಆದ್ರೆ ಒಂದು ಮಾತು ಹೇಳ್ತೀನಿ ಕೇಳಿ. ಒಳ್ಳೇ ಮಾತಾಡಿದ್ರು ಅಂತ ಕೆಲಸ ಕೊಟ್ಟಿದ್ರೆ ಅದೂ ಮತ್ತೆ ರೀಲ್ಸ್ ನೋಡಿ ಕೊಟ್ಟ ಹಾಗೇ ಆಗ್ತಿತ್ತು. ಅದಕ್ಕೇ ಈ ಸಲ ಮೂರು ಜನರನ್ನ ಕರೆದ್ವಿ. ಮೂವರಿಗೂ ನಾನೇ ಬರೆದ ಒಂದೇ ಪಟ್ಟಿ ಕೊಟ್ಟೆ: ಏನೇನು ಕೆಲಸ, ಎಷ್ಟೆಷ್ಟು ಅಳತೆ, ಯಾವ ಸಾಮಾನು. ಪಟ್ಟಿ ಒಂದೇ ಆಗಿದ್ರೆ ಮಾತ್ರ ರೇಟ್ ಹೋಲಿಸೋಕೆ ಆಗೋದು.

ಆಮೇಲೆ ಮೂವರ ಹಳೇ ಕೆಲಸ ನೋಡೋಕೆ ಹೋದ್ವಿ. ಹೊಸದಾಗಿ ಮುಗಿಸಿದ್ದಲ್ಲ, ಎರಡು ಮಳೆಗಾಲ ಕಂಡ ಕೆಲಸ. ಮುಗಿದ ದಿನ ಎಲ್ಲ ಬಾತ್‌ರೂಮೂ ಫಳಫಳ ಅಂತಾನೇ ಇರುತ್ತೆ, ರೀಲ್ಸ್‌ನಲ್ಲಿ ಬರೋದೂ ಅದೇ ದಿನ. ಆ ಮನೆಯವರನ್ನ "ಕೆಲಸ ಚೆನ್ನಾಗಿದ್ಯಾ" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಆಮೇಲೆ ಏನಾದ್ರೂ ತೊಂದರೆ ಬಂತಾ? ಬಂದಾಗ ಫೋನ್ ಎತ್ತಿದ್ರಾ?" ಅಂತ ಕೇಳಿ.

6/9

ಅಪ್ಪನಿಗೆ ಗೊತ್ತಿದ್ದ ಒಂದು ಉಪಾಯ ನನಗೆ ಗೊತ್ತಿರ್ಲಿಲ್ಲ. ಅಂಗಡಿಯವರು ಅಂಗಡಿಯವರನ್ನ ಕೇಳ್ತಾರೆ. ಅಪ್ಪ ನೇರ ಸಿಮೆಂಟ್ ಅಂಗಡಿಗೆ, ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಇವರು ನಿಮ್ಮಲ್ಲಿ ಬಾಕಿ ಇಟ್ಟಿದ್ದಾರಾ" ಅಂತ ವಿಚಾರಿಸಿದ್ರು. ಹಳೇ ಬಾಕಿ ತುಂಬಾ ಇರೋ ಕಾಂಟ್ರ್ಯಾಕ್ಟರ್ ನಮ್ಮ ಅಡ್ವಾನ್ಸ್‌ನ ಹಿಂದಿನ ಮನೆ ಸಾಲ ತೀರಿಸೋಕೆ ಹಾಕ್ತಾನೆ. ನಮ್ಮ ಮನೆ ಕೆಲಸ ಮಾಡೋಕೆ ಮುಂದಿನ ಮನೆ ಅಡ್ವಾನ್ಸ್‌ಗೆ ಕಾಯ್ತಾನೆ. ಅಕೌಂಟ್ಸ್ ಕ್ಲಾಸಲ್ಲಿ ಇದಕ್ಕೆ ವರ್ಕಿಂಗ್ ಕ್ಯಾಪಿಟಲ್ ಅಂತೀವಿ. ಮೂವರಲ್ಲಿ ಒಬ್ಬರು ಇಲ್ಲೇ ಹೊರಗೆ ಹೋದ್ರು.

ಜಿಎಸ್‌ಟಿ ವಿಷಯ. ಸೇವೆ ಕೊಡೋರಿಗೆ ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ. ಸಣ್ಣ ಮೇಸ್ತ್ರಿ ಹತ್ರ ನಂಬರ್ ಇಲ್ಲ ಅಂದ್ರೆ ಮೋಸ ಅಂತ ಅರ್ಥ ಅಲ್ಲ. ಆದ್ರೆ ಯಾರಾದ್ರೂ ಜಿಎಸ್‌ಟಿ ಕೇಳಿದ್ರೆ ನಂಬರ್ ಕೊಡಲೇಬೇಕು. ಅದನ್ನ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರು ಬೇಕಾದ್ರೂ ಫ್ರೀಯಾಗಿ ಚೆಕ್ ಮಾಡಬಹುದು. ನಂಬರ್ ಇಲ್ಲದೆ ಜಿಎಸ್‌ಟಿ ಕೇಳೋರಿಗೆ ಒಂದು ರೂಪಾಯಿ ಕೊಡಬೇಡಿ.

ಉಳಿದಿದ್ದು ಇಬ್ಬರು. ಅಮ್ಮನಿಗೆ ಅಡುಗೆಮನೆ ಮತ್ತೆ ಹಾಲ್ ಮಧ್ಯದ ಗೋಡೆ ತೆಗೆಸೋ ಆಸೆ ಇತ್ತು. ಒಬ್ಬರು "ಓ, ತೆಗೆಯೋಣ ಬಿಡಿ, ಒಂದು ದಿನದ ಕೆಲಸ" ಅಂದ್ರು. ಹಳೇ ಮೇಸ್ತ್ರಿ ಗೋಡೆ ಅಳತೆ ಮಾಡಿ, ತಾರಸಿ ಹತ್ತಿ ನೋಡಿ ಬಂದು "ಇಲ್ಲ ಕಣಮ್ಮ. ಇದು ಒಂಬತ್ತು ಇಂಚಿನ ಗೋಡೆ, ಮೇಲಿನ ಭಾರ ಇದರ ಮೇಲೇ ಕೂತಿದೆ. ಇಂಜಿನಿಯರ್ ನೋಡದೆ ನಾನು ಮುಟ್ಟಲ್ಲ" ಅಂದ್ರು. ಬರೋ ಕೆಲಸವನ್ನ, ಬರೋ ದುಡ್ಡನ್ನ ಬೇಡ ಅಂದ್ರು. ನಮ್ಮ ಹುಡುಕಾಟ ಅಲ್ಲಿಗೆ ಮುಗೀತು.

7/9

ಇದ್ದ ದುಡ್ಡಿಗೆ ಮೂರು ಕೆಲಸ ಆಗ್ತಿರ್ಲಿಲ್ಲ. ಅಮ್ಮನೇ "ಅಡುಗೆಮನೆ ಬಿಡಿ, ಹಳೇ ಕಲ್ಲನ್ನೇ ಕೂರಿಸಿ ಕೊಡಲಿ" ಅಂದ್ಲು. ಹಂಗಾಗಿ ಲೇಬರ್ ಕಾಂಟ್ರ್ಯಾಕ್ಟ್ ಮಾಡ್ಕೊಂಡ್ವಿ, ಸಾಮಾನು ನಾವೇ ತರೋದು. ಕೂಲಿ 1,20,000, ಸಾಮಾನಿಗೆ ಅಂದಾಜು 1,45,000. ಒಟ್ಟು 2,65,000.

ಈ ಸಲ ಸ್ಟಾಂಪ್ ಪೇಪರ್ ಮೇಲೆ, ಕನ್ನಡದಲ್ಲಿ, ಎರಡು ಪುಟ. ಕೆಲಸದ ಪಟ್ಟಿ, ಮುಗಿಸೋ ತಾರೀಖು, ಕಲ್ಲುಮಣ್ಣು ಯಾರು ಸಾಗಿಸೋದು, ಹೆಚ್ಚುವರಿ ಕೆಲಸ ಬಂದ್ರೆ ಮೊದಲು ಡೈರೀಲಿ ಬರೆದು ಇಬ್ಬರೂ ಸಹಿ ಹಾಕೋದು. ದುಡ್ಡು ಕೊಡೋ ಕ್ರಮ ಹೀಗೆ:

ಶುರುವಿಗೆ ಶೇ. 10: 12,000
ಸೀಲಿಂಗ್, ತಾರಸಿ ಮುಗಿದ ಮೇಲೆ ಶೇ. 25: 30,000
ಪೈಪ್, ವಾಟರ್‌ಪ್ರೂಫಿಂಗ್ ಟೆಸ್ಟ್ ಆದ ಮೇಲೆ ಶೇ. 25: 30,000
ಟೈಲ್ಸ್ ಆದ ಮೇಲೆ ಶೇ. 25: 30,000
ಎಲ್ಲ ಮುಗಿಸಿ ಒಪ್ಪಿಸಿದ ಮೇಲೆ ಶೇ. 10: 12,000
ಒಂದು ಮಳೆಗಾಲ ಕಳೆದ ಮೇಲೆ ಶೇ. 5: 6,000

ಕೊನೇ ಸಾಲು ನಾನು ಸೇರಿಸಿದ್ದು. ದೊಡ್ಡ ಕಾಂಟ್ರ್ಯಾಕ್ಟ್‌ಗಳಲ್ಲಿ ರಿಟೆನ್ಷನ್ ಮನಿ ಅಂತ ಹಿಡಿದಿಡ್ತಾರಲ್ಲ, ಅದೇ. ಮೇಸ್ತ್ರಿಗೆ ಬೇಜಾರಾಗುತ್ತೇನೋ ಅಂತ ಹೆದರಿ ಹೆದರಿ ಹೇಳಿದೆ. ಅವರು ನಕ್ಕು "ಸೋರಲಿಲ್ಲ ಅಂದ್ರೆ ಕೊಡ್ತೀರಲ್ಲ? ಹಂಗಾದ್ರೆ ಬರೀರಿ" ಅಂದ್ರು.

ಅಷ್ಟೂ ಸಾಲಿನ ಅರ್ಥ ಒಂದೇ. ಮಾಡಿದ ಕೆಲಸದ ಹಿಂದೆ ದುಡ್ಡು ಹೋಗಬೇಕು. ದುಡ್ಡು ಮುಂದೆ ಹೋಗಿಬಿಟ್ರೆ ನಾವು ಅದರ ಹಿಂದೆ ಓಡಬೇಕಾಗುತ್ತೆ. ಮೊದಲನೇ ಸಲ ನಾವು ಓಡಿದ್ದು ಹಾಗೇ.

8/9

ಕೆಲಸ ನಡೆಯುವಾಗ ನೋಡಬೇಕಾದ್ದು. ನಾನು ದಿನಾ ಕ್ಲಾಸ್ ಮುಗಿಸಿ ಬಂದು ನೋಡ್ತಿದ್ದೆ, ನೀವೂ ನೋಡಬಹುದು.

ಸಿಮೆಂಟ್ ಮೂಟೆ ಮೇಲೆ ಐಎಸ್‌ಐ ಗುರುತು, ತಯಾರಾದ ವಾರ, ವರ್ಷ ಪ್ರಿಂಟ್ ಆಗಿರುತ್ತೆ. ಮೂರು ತಿಂಗಳು ದಾಟಿದ್ದು ಬೇಡ, ಇಟ್ಟಷ್ಟೂ ಶಕ್ತಿ ಕಮ್ಮಿ ಆಗುತ್ತೆ.

ತುಕ್ಕು ಹಿಡಿದ ಕಂಬಿ ಮೇಲೆ ನೇರ ಗಾರೆ ಬಳಿಯೋಕೆ ಬಿಡಬೇಡಿ. ಸಡಿಲ ಆಗಿರೋ ಕಾಂಕ್ರೀಟ್ ಕೆತ್ತಿ, ವೈರ್ ಬ್ರಶ್‌ನಲ್ಲಿ ತುಕ್ಕು ಉಜ್ಜಿ, ತುಕ್ಕು ತಡೆಯೋ ಕೋಟಿಂಗ್ ಹಚ್ಚಿದ ಮೇಲೇ ಮುಂದಿನದ್ದು.

ಕ್ಯೂರಿಂಗ್, ಅಂದ್ರೆ ನೀರು ಕುಡಿಸೋದು. ಕಾಂಕ್ರೀಟ್‌ಗೆ ನಮ್ಮ ದೇಶದ ಕೋಡ್ ಐಎಸ್ 456 ಹೇಳೋ ಹಾಗೆ, ಮಾಮೂಲಿ ಒಪಿಸಿ ಸಿಮೆಂಟ್‌ಗೆ ಕನಿಷ್ಠ 7 ದಿನ, ಪಿಪಿಸಿ ತರದ ಮಿಶ್ರ ಸಿಮೆಂಟ್‌ಗೆ ಕನಿಷ್ಠ 10 ದಿನ. ತಾರಸಿಗೆ ಹೊಸದಾಗಿ ಹಾಕಿದ್ದಕ್ಕೆ ನೀರು ಹಾಕೋ ಕೆಲಸವನ್ನ ಅಜ್ಜಿ "ನಾನು ನೋಡ್ಕೋತೀನಿ" ಅಂತ ವಹಿಸ್ಕೊಂಡ್ಲು. ಕೆಳಗೆ ಕೂತ್ಕೊಂಡೇ "ಮಗಾ, ಮೂರು ಗಂಟೆ ಆಯ್ತು, ನೀರು ಹಾಕ್ದಾ?" ಅಂತ ನನ್ನನ್ನ ಓಡಿಸೋದೇ ಅವಳ ಕೆಲಸ.

ಪೈಪ್, ವೈರ್ ಗೋಡೆ ಒಳಗೆ ಮುಚ್ಚೋ ಮೊದಲು ಟೇಪ್ ಹಿಡಿದು ಫೋಟೋ ತೆಗೀರಿ. ನಾಳೆ ಮೊಳೆ ಹೊಡೆಯುವಾಗ ಬೇಕಾಗುತ್ತೆ. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕೋ ಮೊದಲು, ನೀರು ಕಟ್ಟಿ ಒಂದು ದಿನಕ್ಕಿಂತ ಹೆಚ್ಚು ಬಿಟ್ಟು ನೋಡಿ. ನಾವು ಎರಡು ದಿನ ಬಿಟ್ವಿ.

ಮೇಸ್ತ್ರಿ ದೇವರೇನಲ್ಲ. ಊರ ಜಾತ್ರೆ ಅಂತ ಎರಡು ದಿನ ಬರಲಿಲ್ಲ, ಆದ್ರೆ ನಾಲ್ಕು ದಿನ ಮೊದಲೇ ಹೇಳಿದ್ರು. ಹಳೇ ಪೈಪ್ ಒಂದು ಪೂರ್ತಿ ಹಾಳಾಗಿತ್ತು, 8,500 ಹೆಚ್ಚಾಯ್ತು. ಒಡೆಯೋ ಮೊದಲು ಕರೆದು ತೋರಿಸಿ, ಡೈರೀಲಿ ಬರೆದು, ಅಪ್ಪನ ಸಹಿ ತಗೊಂಡ್ರು. ಖರ್ಚು ಎರಡೂ ಕಡೆ ಹೆಚ್ಚಾಗಿತ್ತು. ಒಬ್ಬರು ಪೈಪ್ ತೋರಿಸಿ ಕೇಳಿದ್ರು, ಇನ್ನೊಬ್ಬರು ಮೆಸೇಜ್ ಹಾಕಿ ಕೇಳಿದ್ರು. ಮೇ ಮೊದಲ ವಾರ ಕೆಲಸ ಮುಗೀತು, ಒಟ್ಟು 2,73,500.

9/9

ಹೋದ ದುಡ್ಡು ಏನಾಯ್ತು ಅಂತ ಕೇಳ್ತೀರಾ? ಅಪ್ಪ ಮಾರ್ಚ್‌ನಲ್ಲೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಾಗದ ಹಾಕಿದ್ರು, ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್ ಜೊತೆಗೆ. ಜೂನ್‌ನಲ್ಲಿ 60,000 ವಾಪಸ್ ಬಂತು. ಅದು ನೇರ ಅಮ್ಮನ ಬಳೆ ಸಾಲಕ್ಕೆ ಹೋಯ್ತು. ಉಳಿದ 1,10,000 ಇನ್ನೂ ಬಂದಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡೋಕೆ ಕಾಗದಪತ್ರ ಜೋಡಿಸ್ತಿದ್ದೀವಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆ. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ರೆ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಏನು ಮಾಡೋದು ಗೊತ್ತಾಗ್ಲಿಲ್ಲ ಅಂದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನಗದು ಕೊಟ್ಟಿದ್ರೆ ನಮ್ಮ ಕೈಲಿ ತೋರಿಸೋಕೆ ಏನೂ ಇರ್ತಿರ್ಲಿಲ್ಲ. ದಯವಿಟ್ಟು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ.

ಜುಲೈನಲ್ಲಿ ನಾಲ್ಕು ದಿನ ಒಂದೇ ಸಮ ಮಳೆ. ಅಜ್ಜಿ ರೂಮಲ್ಲಿ ಹಾಸಿಗೆ ಪಕ್ಕ ಬಕೆಟ್ ಇಡೋದು ಅಭ್ಯಾಸ ಆಗಿತ್ತಲ್ಲ, ಮೊದಲ ರಾತ್ರಿ ಆಗಲೂ ಇಟ್ಟಿದ್ಲು. ಬೆಳಗ್ಗೆ ಖಾಲಿ. ಕಿಟಕಿ ಮೇಲೆ ಮಾತ್ರ ಅಂಗೈಯಷ್ಟು ತೇವ ಇತ್ತು. ಮೇಸ್ತ್ರಿಗೆ ಫೋಟೋ ಕಳಿಸಿದೆ. ಮಳೆ ನಿಂತ ಮಾರನೇ ದಿನ ಬಂದ್ರು, ಸಜ್ಜೆ ಬಿರುಕು ಹುಡುಕಿ ಮುಚ್ಚಿದ್ರು. ಆಗ ದುಡ್ಡು ಕೊಡೋಕೆ ಹೋದ್ರೆ "ಇನ್ನೊಂದು ಮಳೆ ನೋಡಿ" ಅಂದ್ರು. ಮೊನ್ನೆ ಆಗಸ್ಟ್‌ನಲ್ಲಿ ಅದೂ ಬಂದು ಹೋಯ್ತು. ಆ 6,000 ರೂಪಾಯಿಯನ್ನ ನಾನೇ ಹೋಗಿ ಕೊಟ್ಟು ಬಂದೆ.

ಕೊನೇ ಫೋಟೋ ಬಾತ್‌ರೂಮ್. ಗೋಡೆಗೆ ಹಾಕಿರೋ ಸ್ಟೀಲ್ ಹಿಡಿ ಅಜ್ಜಿಗೋಸ್ಕರ. ಅಂಥಾ ಸ್ಟೈಲ್ ಏನಿಲ್ಲ, ಲೈಕ್ ಬರೋ ಫೋಟೋ ಅಲ್ಲ. ಅಜ್ಜಿ ಈಗ ರಾತ್ರಿ ಮಲಗೋ ಮುಂಚೆ ಒಂದು ಲೋಟ ನೀರು ಕುಡೀತಾಳೆ. ಅಮ್ಮನ ಅಡುಗೆಮನೇಲಿ ಇನ್ನೂ ಹಳೇ ಕಲ್ಲೇ ಇದೆ, ಕಪಾಟಿಗೆ ಬಾಗಿಲಿಲ್ಲ. ಎಕ್ಸೆಲ್‌ನಲ್ಲಿ ಹೊಸ ಶೀಟ್ ಮಾಡಿದ್ದೀನಿ, "ಅಮ್ಮ" ಅಂತ ಹೆಸರಿಟ್ಟು. ಟ್ಯೂಷನ್ ಹೇಳಿ ಬಂದ ದುಡ್ಡು, ಸದ್ಯಕ್ಕೆ 4,200 ಇದೆ.

ನಿಮ್ಮನೇಲಿ ಯಾರಾದ್ರೂ ಕಾಂಟ್ರ್ಯಾಕ್ಟರ್ ಹುಡುಕ್ತಿದ್ರೆ ಐದನೇ ಪೋಸ್ಟ್, ಏಳನೇ ಪೋಸ್ಟ್ ಅವರಿಗೆ ಕಳಿಸಿ. ನಿಮಗೂ ಹೀಗೆ ಆಗಿದ್ರೆ ಕಾಮೆಂಟ್‌ನಲ್ಲಿ ಹೇಳಿ, ಹೆಸರು ಹಾಕೋದು ಬೇಡ, ಏನಾಯ್ತು ಅನ್ನೋದಷ್ಟೇ ಸಾಕು. ನಾಚಿಕೆ ಪಡಬೇಡಿ. ನಾನು ಆರು ತಿಂಗಳು ಪಟ್ಟಿದ್ದೀನಿ, ಅದರಿಂದ ಏನೂ ಸಿಗಲ್ಲ.

#ಮನೆರಿಪೇರಿ #ಹಾಸನ #ಬಿಕಾಂಹುಡುಗಿಯಲೆಕ್ಕ